ತೊಟ್ಟಿಲ ಕೊಂಡಿ

ಒಂದಾನೊಂದು ಮನೆಯಲ್ಲಿ ಕೂಸಿನ ತೊಟ್ಟಿಲು ಕಟ್ಟುವ ಕೊಂಡಿಗೆ ಕಾರಿನ ಎಂಜಿನ್ನು ಜೋತುಬಿದ್ದಿತ್ತಂತೆ. ಹುಸ್ನಾಳಿಗೆ ಈ ಕತೆ ಸಿಕ್ಕಿದ್ದು ಅಜ್ಜಿಯ ಬಾಯಿಂದಲ್ಲ, ಕೇಶ್ವಾಪುರದ ಮಕ್ಕಳ ದವಾಖಾನೆಯಲ್ಲಿ, ಪಕ್ಕದ ಬೆಂಚಿನ ಗಂಡ ಹೆಂಡತಿಯಿಂದ.

"ಹಳೇದು ತಗದು ಎಂಟು ದಿನದಾಗ ಬ್ಯಾರೇ ಎಂಜಿನ್ ಕೂಡಸ್ತೇನಿ ಅಂದಿದ್ರಿ. ನಾ ಬಾಣಂತನಕ್ಕ ತವರಿಗೆ ಹೋಗೂ ಮುಂದ."

"ತಂದದ್ದು ಗಾಡಿಗೆ ಹೊಂದಲಿಲ್ಲ, ಪೂನಮ್. ಅದಕ್ಕ ಕೊಂಡಿಗೇ ಉಳೀತು."

"ಕೆಳಗರ ಇಳಸಬೇಕಿತ್ತು. ಕೊಂಡಿ ಖಾಲಿ ಆದ ದಿನಾನ ಕೂಸಿನ ಕರಕೊಂಡು ಬರ್ತೇನಿ ಅಂದಿದ್ದೆ."

"ಇಳಿಸಿದ್ರ ಮತ್ತ ಎತ್ತಾಕ ನಾಕು ಮಂದಿ ಬೇಕು."

"ನನ್ನ ಕರಿಯಾಕ ಒಬ್ರು ಬಂದಿದ್ರ ಸಾಕಿತ್ತು."

ಗಂಡ ಹುಲಗೇಶ ಉಗುರಿನ ಗ್ರೀಸು ಕೆರೆಯುತ್ತ ಕುಳಿತ. ಆಮೇಲೆ ಹುಸ್ನಾಳಿಗೂ ಕಾಣುವಂತೆ ಮೊಬೈಲ್ ಹಿಡಿದ. ಫೋಟೋದಲ್ಲಿ ತೊಲೆ, ಬರೀ ಕೊಂಡಿ.

"ನಿನ್ನೆ ಹೆಂಗೋ ಹೊಂದಿಸಿ ಕೂಡಿಸಿದೆ. ಗಾಡಿ ಚಾಲೂ ಆತು."

ಪೂನಮ್ ಬಹಳ ಹೊತ್ತು ನೋಡಿದಳು.

"ಛಲೋ ಆತು ಬಿಡ್ರಿ."

ಒಳಗಿಂದ ನರ್ಸ್ ಕರೆದಳು. ಬೆಂಚಿನ ಕೆಳಗೆ ಆಡುತ್ತಿದ್ದ ಅವರ ಎರಡು ವರ್ಷದ ಮಗಳು ಎದ್ದಳು. ಹುಲಗೇಶ ಎತ್ತಿಕೊಳ್ಳಲು ಕೈ ಚಾಚಿದ. ಗುರುತಿಲ್ಲದವನನ್ನು ಸುತ್ತಿ ಹೋಗುವಂತೆ ಆಕೆ ಅವನನ್ನು ಸುತ್ತಿ, ಪುಟುಪುಟು ಬಾಗಿಲತ್ತ ನಡೆದಳು.

"ತೊಟ್ಟಲದಾಗ ಇನ್ನ ಯಾರನ್ನ ಮಲಗಸ್ತೀರಿ?" ಎಂದು ಕೇಳಿ ಪೂನಮ್ ಮಗಳ ಹಿಂದೆ ಒಳಗೆ ಹೋದಳು.