ಮ್ಯಾಚ್ ಆಡದ ಗೋಲಿ

ಐವತ್ತೆಂಟನೆಯ ಇಸವಿ. ಬಂದರಿನಲ್ಲಿ, ಹೊಳೆಯಾಚೆಯ ಬೆಂಗ್ರೆಗೆ ಹೋಗುವ ದೋಣಿಗೆ ಕಾಯುತ್ತಿದ್ದೆ. ನನ್ನ ಮುಂದೆ ಒಂದು ಫುಟ್ಬಾಲ್ ಕ್ಲಬ್ಬಿನ ಸೆಕ್ರೆಟರಿ ಸೆವರಿನ್ ಪೊರ್ಬುಗಳು ನಿಂತಿದ್ದರು. ಪಕ್ಕದಲ್ಲಿ ಅವರ ಕ್ಯಾಪ್ಟನ್ ಪ್ರೇಮನಾಥ.

"ಆಡದೆ ಗೆದ್ದದ್ದು ನನಗೆ ಸರಿ ಕಾಣುವುದಿಲ್ಲ," ಎಂದ ಪ್ರೇಮನಾಥ.

"ಬೆಂಗ್ರೆ ಟೀಮಿನವರು ಮ್ಯಾಚಿಗೆ ಬರಲಿಲ್ಲ. ರೆಫ್ರಿ ಅರ್ಧ ಗಂಟೆ ಕಾದು ವಿಸಿಲ್ ಊದಿದರು. ನಾವೆಂತ ಮಾಡುವುದು?"

"ಅವರ ಗೋಲು ಕಾಯುವ ಗೋಲಿ ಬೂಬ ಉಂಟಲ್ಲ, ಅವನ ತಮ್ಮ ಕಡಲಿಗೆ ಬಿದ್ದಿದ್ದ. ಟೀಮಿನವರೆಲ್ಲ ಹುಡುಕಲಿಕ್ಕೆ ಹೋಗಿದ್ದರು. ಮ್ಯಾಚ್ ಎರಡು ದಿನ ಮುಂದೆ ಹಾಕಿ ಅಂತ ಬೂಬ ನಿಮ್ಮ ಹತ್ರ ಬಂದು ಕೇಳಿದ್ದನಲ್ಲ?"

"ಕೇಳಿದ. ಆಗುವುದಿಲ್ಲ ಅಂದೆ. ಇನ್ನೊಂದು ಸುತ್ತು ಗೆದ್ದರೆ ಬೊಂಬಾಯಿ ಮಾರಾಯ. ದೇಶದ ದೊಡ್ಡ ಟೀಮುಗಳೆಲ್ಲ ಅಲ್ಲಿ ಉಂಟು."

"ನಮ್ಮ ಗೋಲಿಯನ್ನು ಇಟ್ಟುಕೊಂಡು ಗೆಲ್ಲಲಿಕ್ಕೆ ಆಗುತ್ತದಾ?"

"ಅದಕ್ಕೇ ಈಗ ಬೂಬನ ಮನೆಗೆ ಹೋಗುವುದು."

"ಬೇರೆ ಟೀಮಿನವ ನಮಗೆ ಆಡಬಹುದಾ?"

"ಈ ಕಪ್ಪಿನಲ್ಲಿ ಅವರಿಗೆ ಒಂದು ಮ್ಯಾಚ್ ಆಡಿದ್ದರೂ ಆಗುತ್ತಿರಲಿಲ್ಲ. ಅವರದ್ದು ನಮ್ಮ ಮೇಲಿನದ್ದೇ ಮೊದಲ ಮ್ಯಾಚ್. ಅದನ್ನು ಅವನು ಆಡಲೇ ಇಲ್ಲ. ರೂಲಿನ ಪ್ರಕಾರ ಅವನು ಫ್ರೀ."

ಪ್ರೇಮನಾಥನ ಕಂಕುಳಲ್ಲಿ ಹೊಸ ಜೆರ್ಸಿಯ ಕಟ್ಟಿತ್ತು.

"ಬೂಬನಿಗೆ ಅಳತೆ ಸರಿ ಉಂಟಲ್ಲ?" ಎಂದರು ಸೆವರಿನ್.

"ಉಂಟು."

ದೋಣಿ ಬಂತು.

"ತಮ್ಮನ ಹೆಣ ಸಿಕ್ಕಿತಾ ಅಂತ ಕೇಳುವುದು ಬೇಡವಾ ಪೊರ್ಬುಗಳೇ?"

"ಮೊದಲು ಅವನು ಹ್ಞೂಂ ಅನ್ನಲಿ. ಅದನ್ನು ಹೊರಡುವಾಗ ಕೇಳುವ," ಎನ್ನುತ್ತಾ ಸೆವರಿನ್ ಪ್ಯಾಂಟು ಮಡಚಿ ದೋಣಿ ಹತ್ತಿದರು.