ಹಿಡಿ ಜೋಳ ಉಳಿಸಿದ ತಪ್ಪು

ಕೂಡ್ರಿ, ಕೂಡ್ರಿ. ಹಿಂದಿನವರು ಒಂದೀಟು ಮುಂದ ಸರೀರಿ, ನನ್ನ ದನಿ ಮೊದಲಿನಂಗ ಇಲ್ಲ. ಕತಿಗೆ ಕಾಲಿಲ್ಲ, ಕೇಳಾವ್ರ ಹೂಂಗುಟ್ಟೂದ ಅದಕ್ಕ ಬಂಡಿ. ಹೂಂ ಅಂದ್ರ ಹೋಗತೈತಿ, ಇಲ್ಲಂದ್ರ ಇಲ್ಲೇ ನಿಂದರತೈತಿ.

ಒಂದೂರು. ಯಾವೂರು ಅಂತ ಕೇಳಬ್ಯಾಡ್ರಿ. ಹೆಸರು ಹೇಳಿದ್ರ ಆ ಊರಿನವರು ನನ್ನ ಕೂಡ ಜಗಳಕ್ಕ ಬರತಾರ. ಊರಿಗೊಬ್ಬ ದೊರಿ, ದೊರಿಗೊಂದು ಅರಮನಿ, ಅರಮನಿಗೊಂದು ಕಣಜ. ದೊರಿಯ ಮುತ್ತ್ಯಾ ಒಂದು ಕಟ್ಟಳಿ ಮಾಡಿ ಸತ್ತಿದ್ದ: ಕೈಕಾಲು ಹೋದವರಿಗೆ, ಮುಪ್ಪಾದವರಿಗೆ, ದಿಕ್ಕಿಲ್ಲದವರಿಗೆ ಅಮಾಸಿಗೊಮ್ಮೆ ಅರಮನಿಯಿಂದ ಪಡಿ. ಮನಿಗೆ ಇಪ್ಪತ್ತು ಸೇರು ಜೋಳ, ಎರಡು ಸೇರು ಬ್ಯಾಳಿ, ಹತ್ತು ದುಡ್ಡು. ಕಟ್ಟಳಿ ಚಲೋನ ಇತ್ತು. ಆದ್ರ ದೇವರು ವರ ಕೊಟ್ಟರೂ ಪೂಜಾರಿ ವರ ಕೊಡಬೇಕಲ್ಲ? ಆ ಪೂಜಾರಿ ಯಾರು? ಕಣಜದ ಕೀಲಿ ಸೊಂಟಕ್ಕ ಕಟ್ಟಿಕೊಂಡ ಅಡಿವೆಪ್ಪ. ಅವನ ಕತಿ ಆಮ್ಯಾಲ.

ನೇಕಾರ ಓಣ್ಯಾಗ ಮುರಿಗೆಪ್ಪ ಅಂತ ಒಬ್ಬಾಂವ, ಅವನ ಹೇಂತಿ ಕಲ್ಲವ್ವ. ಮುರಿಗೆಪ್ಪ ನೇಯ್ದ ಸೀರಿ ನೀರಾಗ ಅದ್ದಿದ್ರ ನೀರು ಬಣ್ಣ ಕೇಳತಿದ್ದಿಲ್ಲ, ಅಂಥ ಕೈ. ಒಂದು ದಿನ ನೂಲಿನ ಮೂಟಿ ತರಾಕ ಹೋದಾಂವ ಇಳಿಜಾರಿನ್ಯಾಗ ಕಾಲು ಜಾರಿ ಬಿದ್ದ. ಬಂಡಿ ಗಾಲಿ ಬಲಗೈ ಮ್ಯಾಲ ಹಾದು ಹೋತು. ಎಲುಬು ಕಟ್ಟಾವಗ ಮೊದಲು ದುಡ್ಡು ಹೋತು, ಆಮ್ಯಾಲ ತಾಮ್ರದ ಕೊಡ ಹೋತು, ಕಡಿಗೆ ಮಗ್ಗ ಹೋತು. ಕೈ ಮಾತ್ರ ಬರಲಿಲ್ಲ. ಒಂದು ಕೈಲೆ ಚಪ್ಪಾಳಿ ಆಗತೈತೇನು? ಅವನ ಹೆಸರು ಪಡಿಯವರ ಪಟ್ಟಿ ಸೇರಿತು.

ಮೊದಲನೇ ಅಮಾಸಿಗೆ ಪಡಿ ತರಾಕ ಹೋದ ಕಲ್ಲವ್ವ ಸೆರಗು ಮಾರಿ ಮ್ಯಾಲ ಎಳಕೊಂಡು ಹೋದಳು, ಎಳಕೊಂಡ ಬಂದಳು. ಬಂದಾಕಿ ಒಲಿ ಮುಂದ ಕುಂತು ಗಂಡಗ ಅಂದಳು:

"ಮಗ್ಗ ಹಾಕೂದು ನನಗೂ ಬರತೈತಿ. ನಿಮಗ ಜ್ವರ ಬಂದಾಗ ನಾನ ನೇಯ್ದಿಲ್ಲೇನು? ಕಣ್ಣು ನಿಮ್ದು, ಕೈ ನಂದು. ಒಂದು ಹಳೇ ಮಗ್ಗ ಕೊಂಡ ದಿನ ಈ ಪಡಿ ಬಿಟ್ಟುಬಿಡೂನು."

"ಯಾತರಿಂದ ಕೊಳ್ಳತಿ? ಪಡಿ ತಿಂಗಳು ತುಂಬಿದ್ರ ಸಾಕಾಗೇತಿ."

"ಅದನ್ನ ನನಗ ಬಿಡ್ರಿ."

ಹೆಂಗ ಮಾಡಿದಳು ಕೇಳ್ರಿ. ಜೋಳ ಬಂದ ದಿನವ ನಾಕು ಗಡಿಗಿಗೆ ಹಂಚಿದಳು, ವಾರಕ್ಕೊಂದು ಗಡಿಗಿ. ಈ ವಾರದ ಗಡಿಗಿ ಬರಿದಾದ್ರ ಮುಂದಿನ ವಾರದ್ದಕ್ಕ ಕೈ ಹಾಕೂದಿಲ್ಲ, ಅಂಬಲಿ ಕುಡೀಬೇಕು. ದಿನಾ ಬೀಸಾಕ ಜೋಳ ತಗೊಂಡ ಮ್ಯಾಲ ಒಂದು ಹಿಡಿ ತಿರುಗಿ ತಗದು ನೆಲುವಿನ ಮ್ಯಾಲಿನ ಮಡಿಕಿಗೆ ಹಾಕತಿದ್ದಳು. ದುಡ್ಡಿಗೆ ಸೆರಗಿನ್ಯಾಗ ಮೂರು ಗಂಟು. ಒಂದು ಉಪ್ಪು ಎಣ್ಣಿದು, ಒಂದು ಗಂಡನ ಕೈಗೆ ಹಚ್ಚೂ ಔಷಧದ್ದು, ಮೂರನೇದು ಬಿಚ್ಚಲಾರದ್ದು. ಗಂಡನ ಗಾಯ ಮಾಯೂ ತನಕ ಮನಿ ಬಿಟ್ಟು ಕೂಲಿಗೆ ಹೋಗೂದು ಆಗತಿದ್ದಿಲ್ಲ. ಮಂದಿ ನೂಲು ತಂದು ಮನ್ಯಾಗ ಲಾಳಿಗೆ ಹಾಕೂ ಕಂಡಿಕಿ ಸುತ್ತಿ ಕೊಡತಿದ್ದಳು. ಆ ದುಡ್ಡು ಉಪ್ಪಿಗಾದ್ರ ಮೆಣಸಿನಕಾಯಿಗಿಲ್ಲ, ಮೆಣಸಿನಕಾಯಿಗಾದ್ರ ಉಪ್ಪಿಗಿಲ್ಲ.

ಪಕ್ಕದ ಮನಿ ಗಾಣಿಗರ ದುಂಡವ್ವಂದು. ದುಂಡವ್ವ ಕೆಟ್ಟಾಕಿ ಅಂತ ತಿಳೀಬ್ಯಾಡ್ರಿ. ಕೋಳಿ ಕೂಗೂದ್ರಾಗ ಎದ್ದು, ಎತ್ತಿನ ಹಿಂದ ಗಾಣ ಸುತ್ತಿ ಸುತ್ತಿ, ಸಂಜೀಕ ಹಾಸಿಗಿ ಮ್ಯಾಲ ಮಲಗಿದ್ರೂ ಆಕಿ ತಲಿ ಸುತ್ತತಿತ್ತು. ಗಾಣಕ್ಕ ತೆರಿಗಿ, ಎತ್ತಿಗೆ ತೆರಿಗಿ, ಎಣ್ಣಿಗೆ ತೆರಿಗಿ. ಅಂಥಾಕಿಗೆ ಗ್ವಾಡಿ ಆಚೆ ಕುಂತು ಉಣ್ಣೂ ಮನಿ ಕಂಡ್ರ ಹೊಟ್ಟಿ ಉರೀದ ಇರತೈತೇನು?

ಯುಗಾದಿ ಬಂತು. ಕಲ್ಲವ್ವ ಮಡಿಕಿ ಇಳಿಸಿ, ಎರಡು ತಿಂಗಳ ಹಿಡಿ ಜೋಳದಾಗ ಒಂದೀಟು ಕೊಟ್ಟು ಬೆಲ್ಲ, ಕಡ್ಲಿ ಬ್ಯಾಳಿ ತಂದು ನಾಕ ನಾಕು ಹೋಳಿಗಿ ಮಾಡಿದಳು. ವರ್ಷಕ್ಕೊಂದು ಹಬ್ಬ, ಗಂಡ ಮೂರು ತಿಂಗಳಿಂದ ನಕ್ಕಿದ್ದಿಲ್ಲ. ಹೋಳಿಗಿಗೆ ಬಾಯಿಲ್ಲ, ಆದ್ರ ವಾಸನಿಗೆ ಕಾಲು ಅದಾವ. ಗ್ವಾಡಿ ಹತ್ತಿ ಇಳೀತು.

"ನಾವು ದುಡದು ದುಡದು ಹಬ್ಬಕ್ಕ ಕಡಬು ಕಂಡಿಲ್ಲ, ಪಡಿ ತಿನ್ನಾಕಿ ಹೋಳಿಗಿ ಮಾಡತಾಳ!" ಅಂದಳು ದುಂಡವ್ವ. ಅರಮನಿ ದೀಪದ ಎಣ್ಣಿ ಕೊಡಾಕ ಹೋದಾಗ ಅಡಿವೆಪ್ಪನ ಕಿವ್ಯಾಗ ಹಾಕಿ ಬಂದಳು.

ಮರುದಿನ ಅಡಿವೆಪ್ಪ ಬಂದ. ಕಲ್ಲವ್ವಗ ಅಂಜಿಕಿ ಇಲ್ಲ. ತಪ್ಪು ಮಾಡಿದವರಿಗೆ ಅಂಜಿಕಿ. ನಾಕು ಗಡಿಗಿ ತೋರಿಸಿದಳು, ನೆಲುವು ತೋರಿಸಿದಳು, ಒಂದು ಹಿಡಿ ಲೆಕ್ಕ ಹೇಳಿದಳು. ಶಹಬ್ಬಾಸ್ ಅಂತಾನ ಅಂತ ನಿಂತಳು.

ಅಡಿವೆಪ್ಪ ಮೀಸಿ ತಿರುವಿದ. "ಹಂಗಂದ್ರ ಇಪ್ಪತ್ತು ಸೇರಿನ್ಯಾಗ ಉಳೀತೈತಿ ಅಂದಂಗಾತು."

"ಉಳಿಸಿದ್ರ ಉಳೀತೈತ್ರಿ ಯಜಮಾನ್ರ."

"ಉಳೀತು ಅಂದ್ರ ಹೆಚ್ಚಾತು. ಮುಂದಿನ ಅಮಾಸಿಂದ ನಿಮಗ ಹದಿನಾರು ಸೇರು."

ಕಲ್ಲವ್ವ ತೋರಿಸಿದ ಗಡಿಗಿ ಒಂದೊಂದಾಗಿ ಮುಚ್ಚಿದಳು.

ಅದ ಓಣಿ ತುದ್ಯಾಗ ಭೀಮಜ್ಜ ಅಂತ ಒಬ್ಬ ಮುದುಕ ಇದ್ದ. ಎರಡೂ ಕಾಲು ಹೋಗಿದ್ದವು, ಹಿಂದ ಮುಂದ ಯಾರೂ ಇಲ್ಲ. ಅವನ ಪಡಿ ಇಪ್ಪತ್ತು ದಿನಕ್ಕ ಮುಗೀತಿತ್ತು, ಇನ್ನ ಹತ್ತು ದಿನ ಅವರಿವರು ಕೊಟ್ಟದ್ದು ಉಂಡು ಕಾಲ ಹಾಕತಿದ್ದ. ಅವನ ಪಡಿ ಒಂದು ಕಾಳೂ ಕಡಿಮಿ ಆಗಲಿಲ್ಲ. ಇದನ್ನ ಮನಸಿನ್ಯಾಗ ಇಟಗೊಳ್ರಿ, ಮುಂದ ನಡೀರಿ.

ಹದಿನಾರು ಸೇರು ಆತು. ಕಲ್ಲವ್ವ ಹಿಡಿ ಬಿಡಲಿಲ್ಲ. ಹೊಲದ ಬದುವಿನ ಮ್ಯಾಲ ಹಕ್ಕರಕಿ ಸೊಪ್ಪು ತರತಿದ್ದಳು, ರೊಟ್ಟಿ ಇದ್ದಲ್ಲಿ ಅರ್ಧ ಅಂಬಲಿ ಮಾಡಿದಳು. ಹಾಸಿಗಿ ಸಣ್ಣದಾತು, ಕಾಲು ಮಡಚಿದಳು. ಮಳಿಗಾಲ ಕಳೀತಿದ್ದಂಗ ಒಂದು ಹ್ಯಾಟಿ ಕೋಳಿ ಕೊಂಡಳು. ಹ್ಯಾಟಿ ತತ್ತಿ ಇಟ್ಟಿತು, ತತ್ತಿ ಮರಿ ಆತು. ಹ್ಯಾಟಿಗೆ ಮಡಿಕಿಯಂಗ ನೆಲುವಿನ ಮ್ಯಾಲ ಸುಮ್ಮನ ಕೂಡಾಕ ಬರತೈತೇನು? ಕೊಕ್ಕೋ ಅಂತು. ಗ್ವಾಡಿ ಆಚೆ ದುಂಡವ್ವ ಕೇಳಿದಳು.

ಅಡಿವೆಪ್ಪ ಮತ್ತ ಬಂದ. "ಕೋಳಿ ಸಾಕಾವ್ರು ಬಡವರೇನು?"

"ಕೋಳಿ ಸಾಕಿದ್ದು ಬಡತನ ಹೋಗಲಿ ಅಂತ್ರಿ."

"ಹೋಗೇತಿ ಹಂಗಾದ್ರ. ಇನ್ನ ಮ್ಯಾಲ ಹನ್ನೆರಡು ಸೇರು."

ಅವತ್ತು ಮುರಿಗೆಪ್ಪ ಸಿಟ್ಟಿಗೆದ್ದ. "ಮುಂದ ಬಂದ್ರ ಸುಳ್ಳು ಹೇಳು. ಇಲ್ಲಾ, ಭೀಮಜ್ಜನಂಗ ತಿಂದು ಮುಗಿಸಿಬಿಡು. ಉಳಿಸಿದವರಿಗೆ ದಂಡ, ಮುಗಿಸಿದವರಿಗೆ ಪಡಿ!"

"ಭೀಮಜ್ಜನ ಸುದ್ದಿ ತಗೀಬ್ಯಾಡ್ರಿ," ಅಂದಳು ಕಲ್ಲವ್ವ. "ಅವಗ ನೀರು ತಂದು ಕೊಟ್ಟಾವ್ರಿಗೂ ರೊಟ್ಟಿ ಕೊಡಬೇಕು, ಬೀಸಿ ಕೊಟ್ಟಾವ್ರಿಗೂ ರೊಟ್ಟಿ ಕೊಡಬೇಕು. ಎಲ್ಲಿಂದ ಉಳಿಸ್ಯಾನು?"

ಹಂಗ ಅಂದಳು. ಆದ್ರ ಆ ದಿನ ಜೋಳ ಬೀಸುವಾಗ ಹಿಡಿ ತಗದಾಕಿ ಅದನ್ನ ಮುಷ್ಟ್ಯಾಗ ಹಿಡಕೊಂಡ ಕುಂತಳು. ಹಾಕಲ್ಯೋ ಬ್ಯಾಡೋ? ಮಡಿಕಿ ನೋಡಿದಳು, ಬೀಸೂಕಲ್ಲು ನೋಡಿದಳು, ಗಂಡನ ಒಣಗಿದ ಕೈ ನೋಡಿದಳು. ಹಾಕಿದಳು.

ಎರಡು ವರ್ಷ ಹೋತು. ಗಾಯ ಮಾಯಿತು, ಆಕಿ ಸುಗ್ಗಿಗೆ ಕೂಲಿನೂ ಹೋದಳು. ಹ್ಯಾಟಿ ಮರಿ ಎಲ್ಲಾ ಮಾರಿದಳು, ಬಿಚ್ಚಲಾರದ ಗಂಟು ಹಲ್ಲಿಲೆ ಕಚ್ಚಿ ಬಿಚ್ಚಿದಳು. ಪಕ್ಕದೂರಾಗ ಒಬ್ಬ ಮುದುಕ ನೇಕಾರಂದು ಹಳೇ ಮಗ್ಗ ಸಿಕ್ಕಿತು. ಬಂಡಿ ಮ್ಯಾಲ ಮಗ್ಗ ಓಣ್ಯಾಗ ಬಂದಾಗ ಮುರಿಗೆಪ್ಪ ಬಾಗಿಲದಾಗ ನಿಂತು ಎಡಗೈಲೆ ಅದರ ಕಟ್ಟಿಗಿ ಸವರಿದ. ಮಾತಾಡಲಿಲ್ಲ.

ಮಾತಾಡಿದಾಕಿ ದುಂಡವ್ವ. ಎಲ್ಲಿ? ಅರಮನಿಯೊಳಗ.

ಅಮಾಸಿ ಮುಂಜಾನೆ ಅಡಿವೆಪ್ಪ ನಾಕು ಆಳು ಕರಕೊಂಡು ಬಂದ. "ಪಡಿ ಬಂದ್. ಅರಮನಿ ಕಾಳಿನಿಂದ ಹುಟ್ಟಿದ್ದು ಅರಮನಿಗೇ ಸೇರಬೇಕು. ಎತ್ರೋ ಮಗ್ಗ!"

ಮುರಿಗೆಪ್ಪ ಮಗ್ಗದ ಕಂಬ ಒಂದ ಕೈಲೆ ಹಿಡದ. ಒಬ್ಬ ಆಳು ಅವನ ಬಟ್ಟು ಒಂದೊಂದಾಗಿ ಬಿಡಿಸಿದ. ಮಗ್ಗ ಬಂಡಿ ಏರಿತು. ಕಲ್ಲವ್ವ ಅಳಲಿಲ್ಲ, ಚೀರಲಿಲ್ಲ, ಕಾಲಿಗೆ ಬೀಳಲಿಲ್ಲ. ಸೆರಗು ಸೊಂಟಕ್ಕ ಸಿಗಿಸಿ ಬಂಡಿ ಹಿಂದ ನಡದಳು. ಮಗ್ಗ ಮುಂದ, ಆಕಿ ಹಿಂದ. ಈ ಸಲ ಮಾರಿ ಮ್ಯಾಲ ಸೆರಗಿದ್ದಿಲ್ಲ.

ಅಮಾಸಿ ಅಂದ್ರ ಪಡಿ ಹಂಚೂ ದಿನ. ಅರಮನಿ ಅಂಗಳದಾಗ ಊರಿಗೂರ ಇತ್ತು. ಪಡಿಯವರು ಸಾಲಾಗಿ ಕುಂತಿದ್ರು, ಭೀಮಜ್ಜನ್ನ ಯಾರೋ ಹೊತ್ತು ತಂದಿದ್ರು. ತೆರಿಗಿ ಕಟ್ಟಾಕ ಬಂದ ರೈತರು, ಕುಂಬಾರರು, ನೇಕಾರರು ಒಂದು ಕಡೆ. ಎಣ್ಣಿ ಕೊಡ ಇಟಗೊಂಡು ದುಂಡವ್ವ ಇನ್ನೊಂದು ಕಡೆ. ಕಟ್ಟಿ ಮ್ಯಾಲ ದೊರಿ, ಪಕ್ಕದಾಗ ಮಂತ್ರಿ.

"ಏನವ್ವಾ, ಯಾಕ ಬಂದಿ?" ಅಂದ ದೊರಿ.

"ತಪ್ಪು ಮಾಡೀನಂತ್ರಿ. ಮಗ್ಗ ತಂದಾರ, ನಾನೂ ಬಂದೆ."

"ಏನು ತಪ್ಪು?"

"ಉಳಿಸಿದ್ದು."

ದೊರಿ ಅಡಿವೆಪ್ಪನ ಮಾರಿ ನೋಡಿದ. ಅಡಿವೆಪ್ಪ ಎದಿ ಉಬ್ಬಿಸಿ ಹೋಳಿಗಿ ಹೇಳಿದ, ಹ್ಯಾಟಿ ಹೇಳಿದ, ಮಗ್ಗ ಹೇಳಿದ. "ಉಳೀತು ಅಂದ್ರ ಹೆಚ್ಚಾತು, ಮಹಾಸ್ವಾಮಿ. ಹೆಚ್ಚಾದದ್ದು ತಿರುಗಿ ತಗೋಬೇಕು. ಇದು ನಾ ನಡಿಸಿದ ಕಾಯ್ದೆ. ಕಣಜ ಉಳಿಸೂದು ನನ್ನ ಕೆಲಸ."

"ಕಾಯ್ದೆ ಚಲೋ ಐತ್ರಿ," ಅಂದಳು ಕಲ್ಲವ್ವ. "ಆದ್ರ ಕಾಯ್ದೆ ಅಂದ ಮ್ಯಾಲ ಎಲ್ಲಾರಿಗೂ ಒಂದ ಇರಬೇಕಲ್ರಿ? ಮೂರು ಮಂದಿನ್ನ ಒಂದೊಂದು ಮಾತು ಕೇಳತೇನಿ. ಅಪ್ಪಣಿ ಕೊಡ್ರಿ."

ದೊರಿಗೆ ಹುರುಪು ಬಂತು. "ಕೇಳು."

ಮೊದಲು ದುಂಡವ್ವನ ಕಡೆ ತಿರುಗಿದಳು. "ಅಕ್ಕಾ, ತೆರಿಗಿ ಕೊಟ್ಟು, ಎತ್ತಿಗೆ ಹಿಂಡಿ ಹಾಕಿ, ಉಂಡು ಉಟ್ಟ ಮ್ಯಾಲ ನಿನಗ ಏನಾರ ಉಳೀತೈತೇನು?"

ದುಂಡವ್ವಗ ಊರ ಮುಂದ ಬಡವಿ ಅನಿಸಿಕೊಳ್ಳೂದು ಹೆಂಗ ಸೇರತೈತಿ? "ಉಳೀತೈತಿ! ದುಡಿಯೂ ಮನಿ ನಮ್ದು. ಹೋದ ವರ್ಷ ಕಿವಿಗೆ ಬಂಗಾರದ ಬೆಂಡೋಲಿ ಮಾಡಿಸೀನಿ, ನೋಡು."

"ಉಳೀತಂದ್ರ ಹೆಚ್ಚಾತು," ಅಂದ ದೊರಿ, ತಮಾಷಿಗೆ. "ಅಡಿವೆಪ್ಪಾ, ಇಕಿ ಎಣ್ಣಿ ಧಾರಣಿ ಇಳಿಸಬೇಕಾತಲ್ಲೋ?"

ದುಂಡವ್ವ ಎರಡೂ ಕೈಲೆ ಕಿವಿ ಮುಚ್ಚಿಕೊಂಡಳು. ಕೇಳಬಾರದು ಅಂತಲ್ಲ, ಬೆಂಡೋಲಿ ಕಾಣಬಾರದು ಅಂತ.

ಎರಡನೇದು ಅಡಿವೆಪ್ಪ. "ಯಜಮಾನ್ರ, ಅರಮನಿ ಸಂಬಳದಾಗ ನಿಮ್ಮ ಮನ್ಯಾಗ ಏನಾರ ಉಳೀತೈತೇನ್ರಿ?"

ಅಡಿವೆಪ್ಪ ಶಾಣ್ಯಾ. ದುಂಡವ್ವಗ ಏನಾತು ಅಂತ ಕಣ್ಣಾರೆ ಕಂಡಿದ್ದ. "ಛೇ ಛೇ! ಒಂದು ಕಾಸೂ ಉಳಿಯೂದಿಲ್ಲ. ತಿಂಗಳ ಕಡಿಗೆ ನನ್ನ ಹೇಂತಿ ಉಪ್ಪಿಗೆ ಪಕ್ಕದ ಮನಿಗೆ ಹೋಗತಾಳ."

"ಕೇಳಿದ್ರೇನ್ರಿ ದೊರಿ?" ಅಂದಳು ಕಲ್ಲವ್ವ. "ಹನ್ನೆರಡು ಸೇರಿನ್ಯಾಗ ನಾನು ಹಿಡಿ ಉಳಿಸಿದೆ. ತನ್ನ ಮನಿ ಗಡಿಗ್ಯಾಗ ಉಪ್ಪು ಉಳಿಸಲಾರದಾವ್ರ ಕೈಯಾಗ ಊರ ಕಣಜದ ಕೀಲಿ ಕೊಟ್ಟೀರಿ."

ಅಂಗಳ ಹೋ ಅಂತ ನಕ್ಕಿತು. ಪಡಿಯವರು ನಕ್ಕರು, ತೆರಿಗಿಯವರು ನಕ್ಕರು, ಮಗ್ಗ ಹೊತ್ತ ಆಳುಗಳೂ ನಕ್ಕರು. ಅಡಿವೆಪ್ಪಗ ಕೀಲಿ ಗೊಂಚಲ ಭಾರ ಆದಂಗಾತು.

"ಮೂರು ಅಂದಿ, ಎರಡಾತು," ಅಂದ ದೊರಿ. "ಮೂರನೇದಾಂವ ಯಾರು?"

ಕಲ್ಲವ್ವ ತಲಿ ತಗ್ಗಿಸಿ ಕೈ ಮುಗದಳು. "ನೀವ್ರಿ. ಬೊಕ್ಕಸದ ಮಾತು. ಮಂದಿ ಮುಂದ ಕೇಳಲ್ಯೋ, ಒಳಗ ಬಂದು ಕೇಳಲ್ಯೋ?"

ನಗಿ ನಿಂತುಬಿಟ್ಟಿತು. ರೈತರು ಕಿವಿ ನಿಗರಿಸಿದರು. ಕುಂಬಾರರು ಕುತ್ತಿಗಿ ಉದ್ದ ಮಾಡಿದರು. ಬೊಕ್ಕಸದಾಗ ಉಳದೈತಿ ಅಂದ್ರ ತೆರಿಗಿ ಹೆಚ್ಚಾತು. ಉಳದಿಲ್ಲ ಅಂದ್ರ ದೊರಿಗೆ ಮನಿತನ ನಡಿಸಾಕ ಬರೂದಿಲ್ಲ. ದೊರಿ ಮಂತ್ರಿ ಕಡೆ ನೋಡಿದ. ಮಂತ್ರಿ ಮುಗಿಲ ಕಡೆ ನೋಡಿದ.

"ಹೊರಗೂ ಬ್ಯಾಡ, ಒಳಗೂ ಬ್ಯಾಡ!" ಅಂತ ದೊರಿ ಗಟ್ಟಿ ನಕ್ಕ. "ಉಳಿಸಿದ್ದು ಉಳಿಸಿದವರದು. ಮಗ್ಗ ಮನಿಗೆ ಮುಟ್ಟಿಸ್ರೋ. ಕಡಿಮಿ ಮಾಡಿದ ಜೋಳ ಎಲ್ಲಾ ಅಳದು ಕೊಡ್ರಿ."

"ನನ್ನ ಬೆಂಡೋಲಿ?" ಅಂದಳು ದುಂಡವ್ವ, ಸಣ್ಣ ದನ್ಯಾಗ.

"ಅಕಿ ದುಡದದ್ದು ಅಕಿ ಕಿವ್ಯಾಗ ಇರಲ್ರಿ," ಅಂದಳು ಕಲ್ಲವ್ವ. "ಎಣ್ಣಿ ಧಾರಣಿ ಇಳಿಸಬ್ಯಾಡ್ರಿ. ನನಗ ಮೂರು ಅಮಾಸಿ ಪಡಿ ಕೊಡ್ರಿ ಸಾಕು. ನಾಕನೇದಕ್ಕ ನಮ್ಮ ಹೆಸರು ಹೊಡದು ಹಾಕ್ರಿ."

ದೊರಿ ಖುಷಿಯಾದ. ಖುಷಿಯಾದ ದೊರಿಗಳು ಏನು ಮಾಡತಾರ? ಇನ್ನೊಂದು ಕಾಯ್ದೆ ಮಾಡತಾರ. "ಭಲೆ! ಪಡಿಯವರೆಲ್ಲಾ ಇಕಿಯಂಗ ಆಗಬೇಕು. ಎರಡು ವರ್ಷದಾಗ ಉಳಿಸಿ ಎದ್ದು ನಿಲ್ಲದವರಿಗೆ ಪಡಿ ಬಂದ್!"

ಸಾಲಿನ್ಯಾಗ ಕುಂತಿದ್ದ ಭೀಮಜ್ಜ ತನ್ನ ಖಾಲಿ ಚೀಲ ಮಡಚಾಕ ಹತ್ತಿದ.

ಕಲ್ಲವ್ವ ಹೊಂಟಾಕಿ ತಿರುಗಿ ಬಂದಳು. "ತಡೀರಿ ದೊರಿ. ನಾನು ಎದ್ದು ನಿಂತೆ, ನನಗ ಎರಡು ಕೈ ಇದ್ದವು. ಈ ಮುದುಕಗ ಕಾಲ ಇಲ್ಲ, ಎಲ್ಲಿ ಎದ್ದು ನಿಂತಾನು? ನನ್ನ ತೋರಿಸಿ ಅವನ ಜೋಳ ಕಡೀತೀರಿ ಅಂದ್ರ ಈ ಮಗ್ಗ ನನಗ ಬ್ಯಾಡ. ಇಲ್ಲೇ ಇಟಗೊಳ್ರಿ."

ದೊರಿ ಭೀಮಜ್ಜನ ಖಾಲಿ ಚೀಲ ನೋಡಿದ. ಆಮ್ಯಾಲ ಅಡಿವೆಪ್ಪಗ ಅಂದ: "ನಮ್ಮ ಮುತ್ತ್ಯಾ ಮಾಡಿದ್ದು ಹೆಂಗಿತ್ತೋ ಹಂಗ ಇರಲಿ. ಅಳದು ಹಾಕೋ, ಇಪ್ಪತ್ತು ಸೇರು. ಮುದುಕಂದು ಮೊದಲು."

ಮಗ್ಗದ ಬಂಡಿ ತಿರುಗಿ ಹೊಂಟಿತು. ಅರಮನಿ ಮುಂದಿನ ಏರಿನ್ಯಾಗ ಗಾಲಿ ಸಿಕ್ಕಿಬಿತ್ತು. ಕಲ್ಲವ್ವ ಒಂದು ಗಾಲಿಗೆ ಹೆಗಲು ಕೊಟ್ಟಳು. ಇನ್ನೊಂದು ಗಾಲಿ ತಾನ ಏಳಾಕ ಹತ್ತಿತು. ಬಗ್ಗಿ ನೋಡಿದ್ರ ದುಂಡವ್ವ, ಖಾಲಿ ಕೊಡ ಬದಿಗಿಟ್ಟು ನೂಕಾಕ ಹತ್ತಿದ್ದಳು. ಬಂಡಿ ಏರಿತು.

ನಾಕನೇ ಅಮಾಸಿಗೆ ಅಡಿವೆಪ್ಪ ಪಟ್ಟಿ ಓದಿದ. "ನೇಕಾರ ಮುರಿಗೆಪ್ಪ!" ಅಂದ. ಯಾರೂ ಓ ಅನ್ನಲಿಲ್ಲ. ಓಣಿ ಕಡಿಂದ ಮಗ್ಗದ ಸಪ್ಪಳ ಬರತಿತ್ತು.

ಅವತ್ತಿಂದ ಆ ಊರಾಗ ಒಬ್ಬರ ಗಡಿಗಿ ಒಬ್ಬರು ಇಣಿಕಿ ನೋಡೂದು ಬಿಟ್ಟರಂತ ತಿಳದೀರೇನು? ಎಲ್ಲಿ ಬಿಡತಾರ. ಇಣಿಕೂದು ಇಣಿಕತಿದ್ರು. ಆದ್ರ ಹೋಗೂ ಮುಂದ ತಮ್ಮ ಗಡಿಗಿ ಮುಚ್ಚಿ ಹೋಗತಿದ್ರು.

ಅವರು ಅಲ್ಲಿ ನೇಯ್ದು ಉಟ್ಟರು, ನಾವು ಇಲ್ಲಿ ಕೇಳಿ ಎದ್ದಿವಿ. ಹೇಳಿದಾವಗ ಒಂದು ಎಲಿ ಅಡಿಕಿ, ಕೇಳಿದವರಿಗೆ ಕಣ್ತುಂಬ ನಿದ್ದಿ.