‘ಆಗಲ್ಲ’ ಅನ್ನಲು ಬೇಕಾದ ಗಂಟು

ಮಾನ್ಯ ಅಧ್ಯಕ್ಷರೇ, ಉಳಿತಾಯದ ಪಾಠ ಹೇಳಿದ ಮುಖ್ಯ ಅತಿಥಿಗಳೇ, ನಮ್ಮ ಲಿಫ್ಟ್ ಮೆಕ್ಯಾನಿಕ್‌ಗಳ ಸಂಘದ ಬಂಧುಗಳೇ, ಊಟ ಯಾವಾಗ ಎಂದು ಕಾಯುತ್ತಿರುವ ಸಭಿಕರೇ,

‘ಪ್ರಾಮಾಣಿಕ ಕೆಲಸಗಾರ’ ಎಂಬ ಫಲಕವನ್ನು ನನ್ನ ಕೈಗಿತ್ತಿದ್ದೀರಿ. ಜೊತೆಗೆ ‘ಹಣಕಾಸು ಯೋಜನೆಯಿಂದ ನಮಗೇನು ಲಾಭ’ ಎಂದು ನಾಲ್ಕು ಮಾತು ಆಡಲೂ ಹೇಳಿದ್ದೀರಿ. ಎರಡೂ ಒಂದೇ ಸಂಗತಿ ಎಂಬುದು ನಿಮಗೆ ಗೊತ್ತಿಲ್ಲ. ನನಗೆ ಸಿಟ್ಟು ಬಂದಿದೆ. ದನಿ ಏರಿದರೆ ಮೈಕಿನವನನ್ನು ಬಯ್ಯಬೇಡಿ.

ದಿನಕ್ಕೆರಡು ಚಹಾ ಬಿಟ್ಟರೆ ಮುಪ್ಪಿಗೆ ಮನೆ ಕಟ್ಟಬಹುದು ಎಂದರು ಅತಿಥಿಗಳು. ಸ್ವಾಮಿ, ಲಿಫ್ಟ್ ಓಡಾಡುವ ಕತ್ತಲ ಬಾವಿಯಲ್ಲಿ ಅರ್ಧ ದಿನ ನೇತಾಡಿ ಬಂದವನಿಗೆ ಆ ಚಹಾ ಖರ್ಚಲ್ಲ, ಜೀವ. ಉಳಿತಾಯ ಏನೆಂದು ನನ್ನ ಹೆಂಡತಿಯನ್ನು ಕೇಳಿ. ಅವಳು ದರ್ಜಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರಲ್ಲ, ಅವಳ ಲೆಕ್ಕ ಬೇರೆ. ‘ರೀ, ಕಾಲು ಚಾಚೋಕೆ ಮೊದ್ಲೇ ಹಾಸಿಗೆ ತುದಿ ಮಡಚಿ ಎತ್ತಿಡಬೇಕು’ ಎನ್ನುತ್ತಾಳೆ. ನಾನು ಬೈಕು ಬೇಕೆಂದೆ. ಬೇಡ ಎಂದಳು. ವಾರವಿಡೀ ಮಾತು ಬಿಟ್ಟೆ. ಅವಳು ಮಾತಿಲ್ಲದೇ ಬಡಿಸಿದಳು, ನಾನು ಮಾತಿಲ್ಲದೇ ಉಂಡೆ. ಬೈಕು ಬರಲೇ ಇಲ್ಲ.

ಆಮೇಲೆ ಆ ದಿನ ಬಂತು. ಆಫೀಸು ಕಟ್ಟಡವೊಂದರ ಲಿಫ್ಟಿನಲ್ಲಿ ಬ್ರೇಕಿನ ಪಟ್ಟಿ ಪೂರ್ತಿ ಸವೆದಿತ್ತು. ಬದಲಾಯಿಸದೆ ಓಡಿಸಬಾರದು ಎಂದೆ. ನಮ್ಮ ಮ್ಯಾನೇಜರು ತಪಾಸಣೆಯ ಕಾಗದ ಮುಂದೆ ಹಿಡಿದರು.

‘ಹೊಸದು ಬರೋಕೆ ಟೈಮ್ ಬೇಕು. ಮಾಲೀಕರು ಇವತ್ತೇ ಓಡಬೇಕು ಅಂತಾರೆ. ಎಲ್ಲ ಸರಿಯಿದೆ ಅಂತ ಸಹಿ ಹಾಕಪ್ಪ. ಇಲ್ಲಾಂದ್ರೆ ನಾಳೆಯಿಂದ ಬರಬೇಡ.’

‘ಆಗಲ್ಲ ಸಾರ್’ ಎಂದೆ. ಟೂಲ್‌ಬ್ಯಾಗ್ ಹೆಗಲಿಗೇರಿಸಿ ಮನೆಗೆ ನಡೆದೆ.

ಈ ಒಂದು ಮಾತಿಗೆ ತಾನೇ ಫಲಕ? ಅಧ್ಯಕ್ಷರು ಅದನ್ನು ಎದೆಗಾರಿಕೆ ಎಂದರು. ಎದೆಯಲ್ಲಿ ಏನೂ ಇರಲಿಲ್ಲ ಅಧ್ಯಕ್ಷರೇ! ಇದ್ದದ್ದು ನನ್ನ ಹೆಂಡತಿಯ ಬ್ಯಾಂಕ್ ಖಾತೆಯಲ್ಲಿ. ಸಂಬಳವಿಲ್ಲದೆಯೂ ಕೆಲವು ತಿಂಗಳು ಒಲೆ ಉರಿಯುತ್ತದೆ ಎಂದು ಗೊತ್ತಿದ್ದವನು ಆಡಿದ ಮಾತು ಅದು.

ಅದೇ ಕಾಗದ ಮಧ್ಯಾಹ್ನ ನನ್ನ ಭಾವಮೈದುನನ ಮುಂದೆ ಹೋಯಿತು. ನನ್ನ ಹೆಂಡತಿಯ ತಮ್ಮ. ಅದೇ ಕಂಪನಿ, ಅದೇ ಕೆಲಸ. ‘ಭಾವ ಏನಂದ್ರು ಸಾರ್?’ ಎಂದು ಕೇಳಿದನಂತೆ. ‘ನಿಮ್ಮ ಭಾವ ಮನೆಗೆ ಹೋದ್ರು. ನೀನೂ ಹೋಗ್ತೀಯಾ?’ ಎಂದರಂತೆ ಮ್ಯಾನೇಜರು. ಅವನು ಎಲ್ಲಿಗೆ ಹೋಗಬೇಕು? ಸಹಿ ಹಾಕಿದ.

ಲಿಫ್ಟ್ ಜಾರಿತು. ಅಲ್ಲಿ ಕೆಲಸಕ್ಕಿದ್ದ ಹೆಣ್ಣುಮಗಳೊಬ್ಬಳು ಈಗ ಊರುಗೋಲಿಲ್ಲದೆ ನಿಲ್ಲಲಾರಳು. ‘ಸಹಿ ನನ್ನದಲ್ಲ’ ಎಂದು ಮ್ಯಾನೇಜರು ಕೈ ತೊಳೆದುಕೊಂಡರು. ಭಾವಮೈದುನ ಜೈಲಿಗೆ ಹೋದ. ನೀವೇನು ಮಾಡಿದಿರಿ? ಸಂಘಕ್ಕೆ ಕಳಂಕ ಎಂದು ಅವನ ಹೆಸರು ಹೊಡೆದುಹಾಕಿದಿರಿ. ಅವನು ಮಾಡಿದ್ದು ತಪ್ಪು. ಅವನೇ ನ್ಯಾಯಾಲಯದಲ್ಲಿ ಒಪ್ಪಿಕೊಂಡ. ಆದರೆ ವಕೀಲರಿಗೆ ಕೊಡಲು ನಿಮ್ಮಲ್ಲಿ ಒಬ್ಬರಾದರೂ ಕೈ ಬಿಚ್ಚಿದಿರಾ?

‘ಅವನೂ ಉಳಿಸಬೇಕಿತ್ತು’ ಎಂದು ಇಲ್ಲೇ ಯಾರೋ ಗೊಣಗಿದಿರಿ. ನನಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ. ಯಾಕೆ ಉಳಿಸಲಿಲ್ಲ? ಕುಡಿತವೇ? ಜೂಜೇ? ನಮ್ಮ ಮಾವನವರಿಗೆ ಮೂತ್ರಪಿಂಡ ಕೈಕೊಟ್ಟಿತ್ತು. ಎರಡು ವರ್ಷ ಆಸ್ಪತ್ರೆ, ಎರಡು ವರ್ಷವೂ ಅವನ ಸಂಬಳ. ನನ್ನ ಹೆಂಡತಿ ದುಡ್ಡು ಹಿಡಿದು ಹೋದರೆ ಅವನು ಮುಟ್ಟಲೇ ಇಲ್ಲ. ‘ಇಟ್ಕೋ ಅಕ್ಕ. ಅಪ್ಪನ್ನ ನಾನು ನೋಡ್ಕೋತೀನಿ. ಭಾವನ ಬಾಯಿ ಒಳ್ಳೇದಲ್ಲ, ಯಾವತ್ತು ಕೆಲಸ ಕಳ್ಕೋತಾರೋ ಏನೋ’ ಎಂದು ನಗುತ್ತಾ ವಾಪಸು ಕಳಿಸಿದ.

ಹಾಗಾದರೆ ನಾನು ನೆಚ್ಚಿಕೊಂಡ ಆ ಗಂಟು ಯಾರದು? ಹೇಳಿ, ಯಾರದು?

ಇದನ್ನು ಹೇಳಬೇಕೆಂದು ಬಂದವನಲ್ಲ. ಬಾಯಿಗೆ ಬಂತು. ಕ್ಷಮಿಸಿ, ಒಂದು ಲೋಟ ನೀರು ಕೊಡಿ.

ಆ ಗಂಟು ಈಗಿಲ್ಲ, ವಕೀಲರಿಗೆ ಹೋಯಿತು. ನನ್ನ ಹೆಂಡತಿ ಮೊದಲಿನಿಂದ ಮತ್ತೆ ಕೂಡಿಡುತ್ತಿದ್ದಾಳೆ. ನೀವೂ ಕೂಡಿಡಿ. ಬಡ್ಡಿಗಾಗಿ ಅಲ್ಲ, ಮುಪ್ಪಿನ ಮನೆಗಾಗಿ ಅಲ್ಲ. ಕಾಗದ ಮುಂದೆ ಬಂದ ದಿನ ‘ಆಗಲ್ಲ’ ಎನ್ನಲು ಕೂಡಿಡಿ. ಆದರೆ ಒಬ್ಬನ ಮನೆಯಲ್ಲಿ ಮಾತ್ರ ಗಂಟಿದ್ದರೆ ಕಾಗದ ಪಕ್ಕದವನ ಮುಂದೆ ಹೋಗುತ್ತದೆ, ಅಷ್ಟೇ. ಎಲ್ಲರ ಮನೆಯಲ್ಲೂ ಇದ್ದರೆ? ಕೂಡಿಡಲಾಗದವನ ಬೆನ್ನಿಗೆ ಈ ಸಂಘದ ನಿಧಿ ಇದ್ದರೆ? ಆಗ ಮ್ಯಾನೇಜರು ಆ ಕಾಗದ ಹಿಡಿದು ಯಾರ ಬಾಗಿಲಿಗೆ ಹೋಗುತ್ತಾರೆ ನೋಡೋಣ! ಸಭಾಂಗಣಕ್ಕೆ ಬಾಡಿಗೆ ಕೊಡಲು ದುಡ್ಡಿದೆ, ಇಂಥ ಫಲಕ ಮಾಡಿಸಲು ದುಡ್ಡಿದೆ, ಆ ನಿಧಿಗೆ ಮಾತ್ರ ಇಲ್ಲವೇ?

ನನ್ನ ಭಾವಮೈದುನ ಬಿಡುಗಡೆಯಾಗಿ ಬಂದಿದ್ದಾನೆ. ಈಗ ಇದೇ ಕಟ್ಟಡದ ಕೆಳಗೆ, ಗೇಟಿನ ಹತ್ತಿರ ಕೂತಿದ್ದಾನೆ. ಬಾರೋ ಎಂದೆ. ‘ಸದಸ್ಯರಿಗೆ ಮಾತ್ರ ಅಂತ ಬರೆದಿದ್ದಾರೆ ಭಾವ’ ಎಂದ. ನಿಮ್ಮಲ್ಲಿ ಯಾರಾದರೂ ಹೋಗಿ ಅವನನ್ನು ಮೇಲೆ ಕರೆದುಕೊಂಡು ಬನ್ನಿ. ನಾನು ಕರೆದರೆ ಬರುವುದಿಲ್ಲ, ನೀವು ಕರೆಯಬೇಕು.

ಯಾರೂ ಏಳುತ್ತಿಲ್ಲ. ಇರಲಿ, ನಾನು ಹೀಗೇ ನಿಂತಿರುತ್ತೇನೆ.

ಅಗೋ, ನಡುವಿನ ಸಾಲಿನಿಂದ ಒಬ್ಬರು ಎದ್ದರು. ಪಕ್ಕದವರೂ ಎದ್ದರು. ನಿಮ್ಮ ಹೊಟ್ಟೆ ತಣ್ಣಗಿರಲಿ. ಮೆಟ್ಟಿಲಲ್ಲೇ ಕರೆತನ್ನಿ ಸ್ವಾಮಿ, ಅವನು ಲಿಫ್ಟ್ ಹತ್ತುವುದಿಲ್ಲ.

ಇಷ್ಟು ಹೊತ್ತು ಕೂತು ಬೈಸಿಕೊಂಡದ್ದಕ್ಕೆ ಎಲ್ಲರಿಗೂ ಧನ್ಯವಾದಗಳು. ನಮಸ್ಕಾರ.